ಒಂದು ಆಟಕ್ಕೆ ಹತ್ತು ದಿನದ ಸೂತಕ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಹೇಳಿಟ್ಟಿದ್ದಾರೆ. ಸೋಲಾಪುರದ ನಾಗೇಶನೂ ಸುಳ್ಳು ಹೇಳಿದ. ಆದರೆ ತಂಗಿಯ ಮದುವೆ ಆಗಲಿ ಅಂತಲ್ಲ, ಭಾನುವಾರ ಬೆಳಿಗ್ಗೆ ತನಗೆ ಬಾಕ್ಸಿಂಗ್ ನೋಡಲು ಸಿಗಲಿ ಅಂತ. ಅಂಥವನನ್ನು ಏನನ್ನಬೇಕೋ ನನಗೂ ತಿಳಿಯದು, ನೀವೇ ಹೇಳಿ.

ನಾಗೇಶ ಒಂದು ಗಿರಣಿಯ ಆಫೀಸಿನಲ್ಲಿ ಕಾರಕೂನ. ಒಂದು ಮಾಳಿಗೆ ಹತ್ತಿದರೆ ಏದುಸಿರು ಬಿಡುವ ಜೀವ. ಹುಟ್ಟಿದಾಗಿನಿಂದ ಯಾರ ಕೆನ್ನೆಗೂ ಒಂದು ಏಟು ಕೊಟ್ಟವನಲ್ಲ. ಆದರೆ ಜಗತ್ತಿನ ಯಾವ ಬಾಕ್ಸರ್ ಯಾರನ್ನು ಎಷ್ಟನೆಯ ಸುತ್ತಿನಲ್ಲಿ ಕೆಡವಿದ ಎಂಬುದು ಅವನಿಗೆ ಬಾಯಿಪಾಠ. ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ವಾರಪತ್ರಿಕೆಗಳನ್ನು ತಂದು, ಊಟ ಆರುವವರೆಗೂ ಓದುತ್ತ ಕೂರುತ್ತಿದ್ದ. ಆಫೀಸಿನಲ್ಲಿ ಅವನ ಈ ಪುರಾಣ ಕೇಳಲು ಒಬ್ಬನೇ ಶ್ರೋತೃ, ಪಕ್ಕದ ಮೇಜಿನ ಕಲ್ಲಣ್ಣ. ಅವನು ದಿನಾ ಅಕ್ಕಲಕೋಟೆಯಿಂದ ಬಸ್ಸಿನಲ್ಲಿ ಬಂದು ಹೋಗುವವನು.

"ಅಮೇರಿಕಾದಾಗ ಈ ಆಟ ಟೀವಿ ಮ್ಯಾಲ ತೋರಸ್ತಾರ ಕಲ್ಲಣ್ಣ. ಆದರ ಪುಕ್ಕಟ ಅಲ್ಲ. ಮನ್ಯಾಗ ಟೀವಿ ಇದ್ದರೂ ಟಾಕೀಸಿಗೆ ಹೋಗಿ, ಟಿಕೀಟ ತಗೊಂಡು, ಅಲ್ಲಿ ಟೀವಿ ನೋಡಬೇಕು. ಹಂಗ ಲಕ್ಷಗಟ್ಟಲೆ ಮಂದಿ ನೋಡ್ತಾರ."

"ನಮ್ಮ ಊರ ಕುಸ್ತಿ ನಾವು ಬೇವಿನ ಗಿಡಾ ಏರಿ ಪುಕ್ಕಟ ನೋಡ್ತೀವಿ. ಆ ದೇಶದಾಗ ಗಿಡಾ ಇಲ್ಲೇನ್ರಿ?" ಅಂದ ಕಲ್ಲಣ್ಣ.

ಅದು ಎಪ್ಪತ್ತಾರನೆಯ ಇಸವಿ. ಸೋಲಾಪುರದಲ್ಲಿ ಟೀವಿ ಕಂಡವರೆಂದರೆ ಮುಂಬೈಗೆ ಹೋಗಿ ಬಂದವರು ಮಾತ್ರ. ಅಂಥ ಊರಿಗೆ ಹಿಂದಿನ ವರ್ಷ ನಡೆದ ಬಹುದೊಡ್ಡ ಬಾಕ್ಸಿಂಗ್ ಕಾದಾಟದ ಫಿಲ್ಮ್ ರೀಲು ಬಂತು. ಭಾನುವಾರ ಬೆಳಿಗ್ಗೆ ಒಂದೇ ಒಂದು ಆಟ, ಮರುದಿನ ರೀಲು ಹೈದರಾಬಾದಿಗೆ. ಟಿಕೀಟಿಗೆ ಎಂದಿನ ಮೂರು ಪಟ್ಟು ದರ. ನಾಗೇಶ ಬುಧವಾರವೇ ಸಾಲಿನಲ್ಲಿ ನಿಂತು ಬಾಲ್ಕನಿ ಟಿಕೀಟು ತಗೊಂಡ. ಸಂಜೆ ಮನೆಗೆ ಬಂದಾಗ ನೆಲದ ಮೇಲೆ ಅವನ ಕಾಲು ನಿಲ್ಲುತ್ತಿರಲಿಲ್ಲ.

ಆದರೆ ಮನೆಯಲ್ಲಿ ತಾಯಿ ಅಂಬಾಬಾಯಿಯ ಕಾಲೂ ನೆಲದ ಮೇಲಿರಲಿಲ್ಲ.

"ಅಕ್ಕಲಕೋಟಿಯಿಂದ ಸುದ್ದಿ ಬಂದದ ನಾಗೇಶ. ಐತವಾರ ಮುಂಜಾನೆ ಅನಂತರಾಯರು, ವೇಣೂಬಾಯಿ ನಮ್ಮ ಗೋಪಿಕಾನ್ನ ನೋಡಲಿಕ್ಕೆ ಬರ್ತಾರ!"

ಗೋಪಿಕಾಳಿಗೆ ಇಪ್ಪತ್ತೇಳು ನಡೆಯುತ್ತಿತ್ತು. ಇದಕ್ಕೂ ಮುಂಚೆ ಬಂದವರೆಲ್ಲ ಉಪ್ಪಿಟ್ಟು ತಿಂದು, ಜಾತಕ ಕೂಡಲಿಲ್ಲ ಅಂತ ಹೇಳಿ ಕಳಿಸಿದ್ದರು. ಜಾತಕಕ್ಕೆ ಬಾಯಿಲ್ಲ, ಪಾಪ, ಏನು ಹೇಳಿದರೂ ಸುಮ್ಮನಿರುತ್ತದೆ. ಈ ಸಲ ಹಾಗಲ್ಲ. ವೇಣೂಬಾಯಿ ತಾನಾಗಿಯೇ ಹುಡುಗಿಯನ್ನು ಯಾರದೋ ಮನೆಯ ಅರಿಶಿನ ಕುಂಕುಮದಲ್ಲಿ ಕಂಡು ಮೆಚ್ಚಿದ್ದಳು. ಅವಳ ಗಂಡ ಅನಂತರಾಯರು ನಿವೃತ್ತ ಹೆಡ್‌ಮಾಸ್ತರರು, ಮಗ ಬ್ಯಾಂಕಿನಲ್ಲಿ. ಕೊಡುವುದು ಬಿಡುವುದರ ಮಾತೇ ಬೇಡ ಅಂದಿದ್ದರು. ಇದು ತಪ್ಪಿದರೆ ಗೋಪಿಕಾಳಿಗೆ ಇನ್ನೊಂದು ಬರುವುದಿಲ್ಲ ಎಂದು ಮನೆಯ ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

"ನಿಮ್ಮಪ್ಪ ಇಲ್ಲ. ನೀನೇ ಮುಂದ ಕೂತು ಮಾತಾಡಬೇಕಪ್ಪಾ," ಅಂದಳು ಅಂಬಾಬಾಯಿ.

ಆಟವೂ ಅದೇ ಭಾನುವಾರ ಬೆಳಿಗ್ಗೆ. ಟಿಕೀಟನ್ನು ಯಾರಿಗಾದರೂ ಕೊಟ್ಟುಬಿಡಬಹುದಿತ್ತು. ಹರಿದು ಒಗೆಯಬಹುದಿತ್ತು. ಬುದ್ಧಿ ಇದ್ದವರು ಹಾಗೇ ಮಾಡುತ್ತಿದ್ದರು. ನಾಗೇಶ ಎರಡು ರಾತ್ರಿ ಹೊರಳಾಡಿದ. ದಿನ ಬದಲಿಸಿ ಎಂದು ಹೆಣ್ಣಿನ ಕಡೆಯವರು ಸುಮ್ಮಸುಮ್ಮನೆ ಕೇಳುವ ಹಾಗಿಲ್ಲ, ಗತ್ತು ಮಾಡುತ್ತಾರೆ ಅನ್ನುತ್ತಾರೆ. ಜ್ವರ ಅಂದರೆ ಹುಡುಗಿಗೇ ರೋಗ ಅನ್ನುತ್ತಾರೆ. ಯಾರೂ ಎದುರು ಮಾತಾಡದ, ಯಾರೂ ಪುರಾವೆ ಕೇಳದ ಕಾರಣ ಒಂದೇ: ಸೂತಕ. ಅಣ್ಣತಮ್ಮಂದಿರ ಬಳಗದಲ್ಲಿ ಯಾರಾದರೂ ಸತ್ತರೆ ಹತ್ತು ದಿನ ಆ ಮನೆಯಲ್ಲಿ ಶುಭಕಾರ್ಯವಿಲ್ಲ. ಕಲೆಕ್ಟರನ ಹುಕುಮಿಗಿಂತ ದೊಡ್ಡ ಹುಕುಮು ಅದು.

ಹಾಗಾದರೆ ಯಾರು ಸಾಯಬೇಕು? ನಾಗೇಶ ಹಾಸಿಗೆಯಲ್ಲಿ ಮಲಗಿಯೇ ಬಳಗದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದ. ಒಬ್ಬರಿಗೆ ಮಕ್ಕಳ ಸಾಲು, ಇನ್ನೊಬ್ಬರು ಸೋಲಾಪುರದ ಬಾಳಿವೇಸ್ ಪೇಟೆಯಲ್ಲೇ ದಿನಾ ಕಾಯಿಪಲ್ಯ ಕೊಳ್ಳುತ್ತ ಕಾಣುವವರು. ಕಡೆಗೆ ಉಳಿದವನು ಕುಂಭಾರಿ ಹಳ್ಳಿಯ ದಾಮೋದರ ಕಾಕಾ, ತಂದೆಯ ಚಿಕ್ಕಪ್ಪನ ಮಗ. ಹೆಂಡತಿ ಸತ್ತಿದ್ದಳು, ಮಕ್ಕಳಿಲ್ಲ, ಒಬ್ಬನೇ ಇರುತ್ತಿದ್ದ. ಹೊಲದ ಬಾವಿಯ ಪಾಲಿಗಾಗಿ ತಂದೆಗೂ ಅವನಿಗೂ ಜಗಳವಾಗಿ ಎಷ್ಟೋ ವರ್ಷದಿಂದ ಹೋಗಿ ಬರುವುದು ನಿಂತಿತ್ತು. ತಂದೆ ತೀರಿಕೊಂಡಾಗ ಕೂಡ ಅವನಿಗೆ ಹೇಳಿ ಕಳಿಸಿರಲಿಲ್ಲ. ಇದ್ದರೂ ಇಲ್ಲದಿದ್ದರೂ ಯಾರೂ ಕೇಳದ ಮನುಷ್ಯ ಎಂದು ನಾಗೇಶ ಲೆಕ್ಕ ಹಾಕಿದ, ಮತ್ತು ಅವನಿಗೆ ಹಾಯಾಗಿ ನಿದ್ದೆ ಬಂತು.

ಶುಕ್ರವಾರ ಸಂಜೆ ಆಫೀಸು ಬಿಡುವಾಗ ಮುಖ ಸಣ್ಣದು ಮಾಡಿಕೊಂಡು ಕಲ್ಲಣ್ಣನಿಗೆ ಹೇಳಿದ: "ನಮ್ಮ ಕುಂಭಾರಿ ದಾಮೋದರ ಕಾಕಾ ಹೋದರು. ಪಾಪ, ಒಬ್ಬರೇ ಇದ್ದರು. ಸೂತಕ ಅದ, ಐತವಾರ ಆಗೂದಿಲ್ಲ ಅಂತ ಅನಂತರಾಯರಿಗೆ ತಿಳಿಸಿಬಿಡಪ್ಪಾ."

"ಅಯ್ಯೋ! ಸುದ್ದಿ ಮುಟ್ಟಸ್ತೀನಿ ಬಿಡ್ರಿ. ನೀವು ಧೈರ್ಯಾ ತಗೋರಿ," ಅಂತ ಕಲ್ಲಣ್ಣ ಅವನ ಹೆಗಲು ಮುಟ್ಟಿದ.

ಮನೆಯಲ್ಲಿ ಅಕ್ಕಲಕೋಟೆಯವರೇ ಎರಡು ವಾರ ಮುಂದೆ ಹಾಕಿದ್ದಾರೆ ಅಂದ. ಭಾನುವಾರ ತನಗೆ ಆಡಿಟ್ ಕೆಲಸವಿದೆ ಎಂದೂ ಸೇರಿಸಿದ. ಅಂಬಾಬಾಯಿ ಆರಿಸಿಟ್ಟ ಬೇಳೆಯನ್ನು ನೋಡಿ ನಿಟ್ಟುಸಿರು ಬಿಟ್ಟಳು. ಗೋಪಿಕಾ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟ ಸೀರೆಯನ್ನು ಮತ್ತೆ ಟ್ರಂಕಿನೊಳಗೆ ಇಟ್ಟಳು.

ಇಷ್ಟೆಲ್ಲ ಯೋಚಿಸಿದ ಜಾಣನಿಗೆ ಎರಡು ಸಂಗತಿ ಹೊಳೆಯಲಿಲ್ಲ. ಒಂದು, ಅಕ್ಕಲಕೋಟೆಯಿಂದ ಸೋಲಾಪುರಕ್ಕೆ ಬರುವ ದಾರಿಯ ಮೇಲೆಯೇ ಕುಂಭಾರಿ ಇದೆ. ಇನ್ನೊಂದು, ಅನಂತರಾಯರು ಒಳ್ಳೆಯವರು. ಒಳ್ಳೆಯವರಿಗೆ ಸಾವಿನ ಸುಳ್ಳು ಹೇಳಬಾರದು, ಅವರು ಮಾತಾಡಿಸಿ ಬರಲು ಹೊರಟುಬಿಡುತ್ತಾರೆ. ಹೆಣ್ಣು ನೋಡಲು ಕರೆಯಬೇಕಾಗುತ್ತದೆ, ದುಃಖದವರನ್ನು ಮಾತಾಡಿಸಲು ಯಾರ ಕರೆಯೂ ಬೇಡ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಗಂಡ ಹೆಂಡತಿ ಹೊರಟರು. ಮೊದಲು ಸತ್ತವರ ಮನೆಗೆ ಹೋಗಿ, ಆಮೇಲೆ ಸೋಲಾಪುರಕ್ಕೆ ಹೋಗುವುದು ರೀತಿ ಎಂದು ಕುಂಭಾರಿಯಲ್ಲಿ ಇಳಿದರು.

ದಾಮೋದರ ಕಾಕಾ ಕಟ್ಟೆಯ ಮೇಲೆ ಕೂತು, ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಮಾಡಿಕೊಳ್ಳುತ್ತಿದ್ದ. ಅರ್ಧ ಮುಖ ಸಾಬೂನು. ಅನಂತರಾಯರು ಚಪ್ಪಲಿ ಬಿಟ್ಟು, ಅವನ ಪಕ್ಕದಲ್ಲಿ ಕೂತು, ಸಣ್ಣ ದನಿಯಲ್ಲಿ ಹೇಳಿದರು: "ಭಾಳ ಕೆಟ್ಟಾತ್ರಿ. ಹ್ಯಾಂಗಾತು?"

"ಏನ ಹ್ಯಾಂಗಾತು?"

"ದಾಮೋದರರಾಯರು ಹೋದದ್ದು."

"ನಾನೇ ದಾಮೋದರ," ಅಂದ ಕಾಕಾ.

ವೇಣೂಬಾಯಿ ಹಿಂದೆ ಸರಿದು ಗಂಡನ ತೋಳು ಹಿಡಿದಳು. ಅನಂತರಾಯರು ಕಟ್ಟೆಯಿಂದ ದಡಕ್ಕನೆ ಎದ್ದರು. ಆಮೇಲೆ ತಾವು ಯಾರು, ಸೋಲಾಪುರದ ನಾಗೇಶನ ತಂಗಿಯನ್ನು ನೋಡಲು ಬರಬೇಕಾಗಿದ್ದದ್ದು, ನಾಗೇಶ ಹೇಳಿ ಕಳಿಸಿದ್ದು, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೇ ಸಿಟ್ಟು ಏರಿತು.

"ಬ್ಯಾಡಾಗಿದ್ದರ ಬ್ಯಾಡ ಅನಬೇಕಿತ್ತು. ಬದುಕಿದ ಹಿರೇರನ್ನ ಸಾಯಿಸೂದಂದ್ರ ಏನು? ಇಂಥಾ ಮನಿತನದ ಹುಡುಗಿ ನಮಗ ಬ್ಯಾಡ. ನಡೀ, ಹೋಗೂಣು."

ಕಾಕಾನ ಕೈಯಲ್ಲಿ ಕತ್ತಿ ಹಾಗೇ ಇತ್ತು. ಅವನು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಗೋಪಿಕಾಳನ್ನು ಅವನು ನೋಡಿದ್ದು ಅವಳು ಚಿಕ್ಕವಳಾಗಿ ಪರಕಾರ ಉಟ್ಟು ಓಡಾಡುವಾಗ. ಬಾವಿಯ ಜಗಳದಲ್ಲಿ ಅವಳ ಪಾಲೇನೂ ಇರಲಿಲ್ಲ.

"ಸ್ವಲ್ಪ ತಡೀರಿ," ಅಂದ. "ಹುಡುಗಂದು ತಪ್ಪಿಲ್ಲ. ಆ ಸುದ್ದಿ ನಾನೇ ಕಳಿಸಿದ್ದೆ. ಮೊನ್ನೆ ಹೊಲದಾಗ ಒಂದು ಕಾಗಿ ಬಂದು ನನ್ನ ತಲಿಗೆ ಬಡದು ಹೋತು."

ಅಷ್ಟು ಹೇಳಿದ್ದೇ ಸಾಕಾಯಿತು. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನಿಗೆ ಸಾವು ಹತ್ತಿರ ಎಂದು ನಂಬಿಕೆ. ಅದನ್ನು ತಪ್ಪಿಸಲು ಅವನು ಸತ್ತನೆಂದೇ ನೆಂಟರಿಗೆ ಸುದ್ದಿ ಕಳಿಸುತ್ತಾರೆ. ನೆಂಟರು ನಿಜವೆಂದು ನಂಬಿ ಅತ್ತರೆ ಆ ಕಣ್ಣೀರಿನಲ್ಲಿ ಗಂಡಾಂತರ ಕಳೆಯುತ್ತದೆ. ಆಮೇಲೆ ಬದುಕಿದ್ದಾನೆ ಅಂತ ತಿಳಿಸಿ ಸಕ್ಕರೆ ಹಂಚುತ್ತಾರೆ.

"ಹುಡುಗ ಖರೇ ಅಂತ ತಿಳದಾನ," ಅಂದ ಕಾಕಾ. "ಇವತ್ತು ಹೋಗಿ ಹೇಳಬೇಕಂತಲೇ ಗಡ್ಡಾ ಮಾಡ್ಕೊಳಿಕತ್ತಿದ್ದೆ."

ವೇಣೂಬಾಯಿಯ ಮುಖ ಅರಳಿತು. "ನಮ್ಮ ಮಾವನವರಿಗೂ ಹಿಂಗೇ ಮಾಡಿದ್ದರು! ನಿಮ್ಮ ಸುದ್ದಿ ಕೇಳಿ ಮೊನ್ನೆ ರಾತ್ರಿ ನನ್ನ ಕಣ್ಣಾಗೂ ನೀರ ಬಂತ್ರಿ. ಒಬ್ಬರೇ ಇದ್ದರಂತ, ಕಡೀಗೆ ಬಾಯಾಗ ನೀರ ಬಿಡವರಾದರೂ ಇದ್ದರೋ ಇಲ್ಲೋ ಅನಿಸ್ತು."

ಕಾಕಾ ಅವಳ ಕಡೆ ನೋಡಿ, ಇನ್ನೊಂದು ಕೆನ್ನೆಗೆ ಕತ್ತಿ ಹಚ್ಚಿದ. ಅನಂತರಾಯರು ನಗಾಡತೊಡಗಿದರು. ಸೂತಕವೇ ಇಲ್ಲ ಅಂದಮೇಲೆ ಇವತ್ತೇ ಹುಡುಗಿಯನ್ನು ನೋಡಿಬಿಡೋಣ, ಹಿರಿಯರು ನೀವೂ ಬರಬೇಕು ಎಂದು ಪಟ್ಟು ಹಿಡಿದರು. ಕಾಕಾ ನೆಪ ಹುಡುಕಿದ, ಸಿಗಲಿಲ್ಲ. ಒಗೆದ ಧೋತರ ಉಟ್ಟು ಅವರ ಜೊತೆ ಬಸ್ಸು ಹತ್ತಿದ, ದಾರಿಯಲ್ಲಿ ಹಳೆಯ ಬಾವಿಯ ಜಗಳವನ್ನೂ ಹೇಳಿದ.

ಅದೇ ಹೊತ್ತಿಗೆ ನಾಗೇಶ ಬಾಲ್ಕನಿಯಲ್ಲಿ ಕೂತಿದ್ದ. ಟಾಕೀಸಿನ ಪರದೆಯ ಮೇಲೆ ಇಬ್ಬರು ಬೆವರಿನಲ್ಲಿ ತೊಯ್ದು ಒಬ್ಬರನ್ನೊಬ್ಬರು ಬಡಿಯುತ್ತಿದ್ದರು. ಒಬ್ಬನ ಕಣ್ಣು ಊದಿ ಮುಚ್ಚಿಹೋಗಿತ್ತು. ನಾಗೇಶ ಕುರ್ಚಿಯ ಮೇಲೆ ಎದ್ದು ನಿಂತು, "ಹೊಡಿ! ಬಿಡಬ್ಯಾಡ, ಹೊಡಿ!" ಎಂದು ಒದರಿದ. ಮುಂದಿನ ಕುರ್ಚಿಯವನ ಟೋಪಿ ಬಿತ್ತು, ಅವನೂ ಎದ್ದು ಒದರಿದ. ಕಡೆಯ ಸುತ್ತಿಗೆ ಒಬ್ಬನು ಎದ್ದೇ ಬರಲಿಲ್ಲ. ಬೆಳಕು ಹತ್ತಿದಾಗ ನಾಗೇಶನ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಮೂರು ಪಟ್ಟು ಏನು, ಆರು ಪಟ್ಟು ಕೊಟ್ಟರೂ ಕಡಿಮೆಯೇ ಅಂದುಕೊಳ್ಳುತ್ತ, ಗಾಳಿಗೆ ಒಂದೆರಡು ಗುದ್ದು ಕೊಡುತ್ತ ಮನೆಯ ಓಣಿಗೆ ತಿರುಗಿದ.

ಬಾಗಿಲಲ್ಲಿ ಪರಸ್ಥಳದವರ ಚಪ್ಪಲಿಗಳಿದ್ದವು. ಒಳಗೆ ಜಮಖಾನೆಯ ಮೇಲೆ ಅನಂತರಾಯರು, ಪಕ್ಕದಲ್ಲಿ ವೇಣೂಬಾಯಿ, ಅವರ ನಡುವೆ ಸಜ್ಜಿಗೆಯ ತಟ್ಟೆಗಳು. ಗೋಡೆಗೆ ಒರಗಿ ಕೂತವನು ದಾಮೋದರ ಕಾಕಾ. ನಾಗೇಶ ಹೊಸ್ತಿಲಲ್ಲೇ ನಿಂತುಬಿಟ್ಟ. ಓಡಿಹೋಗಬೇಕು ಅನಿಸಿತು.

"ಬರ್ರಿ ನಾಗೇಶರಾಯರ, ಬರ್ರಿ!" ಅಂದರು ಅನಂತರಾಯರು. "ಹೆದರಬ್ಯಾಡ್ರಿ, ಭೂತ ಅಲ್ಲ. ನಿಮ್ಮ ಕಾಕಾಗ ಕಾಗಿ ಬಡದಿತ್ತಂತ. ಅದಕ್ಕ ಸುಳ್ಳು ಸುದ್ದಿ ಕಳಿಸಿದ್ದರಂತ. ಪಾಪ, ನೀವು ಖರೇ ಅಂತ ತಿಳದ್ರಿ."

ನಾಗೇಶನಿಗೆ ಮೊದಲು ಅರ್ಥವಾಗಲಿಲ್ಲ. ಕಾಕಾನ ಮುಖ ನೋಡಿದ. ಕಾಕಾ ತಟ್ಟೆ ನೋಡುತ್ತಿದ್ದ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಒಡಕು ಬಿದಿರಿನಂಥ ಒಂದು ಗೊರಗೊರ ಬಂತು.

"ನೋಡು, ನೋಡು," ಅನಂತರಾಯರು ಹೆಂಡತಿಗೆ ಹೇಳಿದರು. ಅವರ ಕಣ್ಣು ಒದ್ದೆಯಾಗಿತ್ತು. "ಅತ್ತು ಅತ್ತು ದನಿ ಕೂತುಬಿಟ್ಟದ ಹುಡುಗಂದು. ಬಾವಿಗಾಗಿ ಜಗಳಾಡಿದ ಕಾಕಾಗೂ ಇಷ್ಟು ಅಳವರು ಈ ಕಾಲದಾಗ ಯಾರಿದ್ದಾರ?"

"ಹೌದ್ರಿ," ಅಂದ ಕಾಕಾ ನಿಧಾನವಾಗಿ. "ನನ್ನ ಮ್ಯಾಲ ಭಾಳ ಜೀವ ಅವಂದು."

ನಾಚಿಕೆ ಅಂದರೆ ಏನೆಂದು ನಾಗೇಶನಿಗೆ ಆಗ ಗೊತ್ತಾಯಿತು. ಯಾರಾದರೂ ಎದ್ದು ಕಪಾಳಕ್ಕೆ ಹೊಡೆದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಯಾರೂ ಹೊಡೆಯಲಿಲ್ಲ. ಎಲ್ಲರೂ ಪ್ರೀತಿಯಿಂದ ನೋಡುತ್ತಿದ್ದರು, ತಾಯಿಯೊಬ್ಬಳನ್ನು ಬಿಟ್ಟು. ಅಂಬಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು. ನಾಗೇಶ ತಲೆ ತಗ್ಗಿಸಿ ಕಾಕಾನ ಕಾಲಿಗೆ ಬಿದ್ದ. ಅದನ್ನು ಕಂಡು ವೇಣೂಬಾಯಿ ಮತ್ತೆ ಕಣ್ಣೊರೆಸಿಕೊಂಡಳು.

ಹುಡುಗಿ ನಮಗೆ ಮೆಚ್ಚಿಗೆ, ಇಂಥ ಅಂತಃಕರಣದ ಮನೆತನ ಸಿಕ್ಕಿದ್ದು ನಮ್ಮ ಪುಣ್ಯ, ಒಳ್ಳೆಯ ದಿನ ನೋಡಿ ಹೇಳಿ ಕಳಿಸುತ್ತೇವೆ ಎಂದು ಹೇಳಿ ಅನಂತರಾಯರು ಹೆಂಡತಿಯನ್ನು ಕರೆದುಕೊಂಡು ಹೊರಟರು. ಪೇಟೆಯಲ್ಲಿ ಅವರಿಗೆ ಬೇರೆ ಕೆಲಸವಿತ್ತು.

ನಾಗೇಶ ಅಡಿಗೆಮನೆಗೆ ಹೋದ. ಗೋಪಿಕಾ ಒಲೆಯ ಮುಂದೆ ನಿಂತಿದ್ದಳು. ಅವಸರದಲ್ಲಿ ಉಟ್ಟ ಸೀರೆಯ ನೆರಿಗೆ ಸರಿಯಾಗಿ ಕೂತಿರಲಿಲ್ಲ.

"ಕಾಕಾ ಎಲ್ಲಾರಕಿಂತ ಮುಂದ ಒಳಗ ಬಂದ," ಅಂದಳು. "ಸತ್ತಾಂವನ್ನ ಒಮ್ಮಿಗಲೇ ನೋಡಿ ಹೆದರ್ಯಾರು, ಮೊದಲ ನಾ ಹೇಳಿ ಬರ್ತೀನಿ ಅಂತ ಅವರನ್ನ ಹೊರಗ ನಿಲ್ಲಿಸಿದ್ದ. ಇಲ್ಲೇ ನಿಂತು ಅವ್ವಗ ಹೇಳಿದ, 'ವೈನಿ, ನಾ ಸತ್ತಿದ್ದೆ ಅಂತ ತಿಳಕೋರಿ, ಮುಂದಿಂದು ಕೇಳಬ್ಯಾಡ್ರಿ' ಅಂತ. ಅವ್ವನ ಕೈಯಾಗಿಂದ ಸೌಟು ಬಿತ್ತು. ನೀ ಎಲ್ಲಿ ಹೋಗಿದ್ದಿ?"

"ಬಾಕ್ಸಿಂಗ್ ನೋಡಲಿಕ್ಕೆ," ಅಂದ ನಾಗೇಶ, ಇದ್ದಷ್ಟು ದನಿಯಲ್ಲಿ.

ಅವಳು ಬೈದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಅವಳ ಮುಖ ಬಾಡಿದ್ದನ್ನು ಮಾತ್ರ ಅವನು ನೋಡಿದ. ನಾನು ಒಂದು ಟಿಕೀಟಿನಷ್ಟೂ ಬಾಳುವುದಿಲ್ಲವೇ ಎಂದು ಅವಳು ಕೇಳಿಕೊಳ್ಳುತ್ತಿದ್ದಂತೆ ಅವನಿಗೆ ಅನಿಸಿತು.

"ಊಟಕ್ಕ ನಿಲ್ಲವಲ್ಲ ಕಾಕಾ. ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬಾ," ಅಂದು ಅವಳು ಒಲೆಯ ಕಡೆ ತಿರುಗಿದಳು.

ದಾರಿಯುದ್ದಕ್ಕೂ ಕಾಕಾ ಮುಂದೆ, ಇವನು ಹಿಂದೆ. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಬಸ್ಸು ಇನ್ನೂ ಬಂದಿರಲಿಲ್ಲ. ಕಾಕಾ ಕಲ್ಲುಬೆಂಚಿನ ಮೇಲೆ ಕೂತ. ನಾಗೇಶನಿಗೆ ಪಕ್ಕದಲ್ಲಿ ಕೂರುವ ಧೈರ್ಯವಾಗಲಿಲ್ಲ.

"ಎಲ್ಲಿ ಹೋಗಿದ್ದಿ?" ಕಾಕಾ ಕೇಳಿದ.

ನಾಗೇಶ ಹೇಳಿದ. ಆಟದ ಹೆಸರು, ಟಿಕೀಟು, ರೀಲು ಮರುದಿನ ಹೈದರಾಬಾದಿಗೆ ಹೋಗುವುದು, ಎಲ್ಲವನ್ನೂ. ಹೇಳುತ್ತಿದ್ದಂತೆ ಒಂದೊಂದೂ ಎಷ್ಟು ಹಗುರವಾಗಿತ್ತೆಂದರೆ ಕಡೆಕಡೆಗೆ ಅವನಿಗೇ ಕೇಳಲು ಹೇಸಿಗೆಯಾಯಿತು.

ಕಾಕಾ ತಲೆಯಾಡಿಸಿದ. "ನಿಮ್ಮಪ್ಪ ಸತ್ತಾಗ ನನಗ ಯಾರೂ ಹೇಳಲಿಲ್ಲ. ಹದಿನೈದು ದಿವಸ ಆದಮ್ಯಾಲ ಬಸ್ಸಿನ್ಯಾಗ ಯಾರೋ ಮಾತಾಡೂದು ಕೇಳಿದೆ. ಮನಿಗೆ ಹೋಗಿ ಒಬ್ಬನೇ ತಲಿಮ್ಯಾಲ ನೀರ ಹಾಕ್ಕೊಂಡೆ. ಖರೇ ಸಾವು ಕುಂಭಾರಿ ತನಕ ಮುಟ್ಟಲಿಲ್ಲ. ನಂದು ಸುಳ್ಳು ಸಾವು ಅಕ್ಕಲಕೋಟಿ ತನಕ ಹೋತು ನೋಡು."

"ತಪ್ಪಾತ್ರಿ ಕಾಕಾ."

"ಅದಿರಲಿ. ಇಷ್ಟು ಮಂದಿ ಇದ್ದರಲ್ಲ, ನನ್ನನ್ನೇ ಯಾಕ ಆರಿಸಿದಿ?"

ಮತ್ತೊಂದು ಸುಳ್ಳು ಹೇಳಲು ನಾಗೇಶ ಹುಡುಕಿದ. ಎರಡು ದಿನದಿಂದ ನಾಲಿಗೆಯ ತುದಿಯಲ್ಲೇ ಇದ್ದ ಸುಳ್ಳುಗಳಲ್ಲಿ ಒಂದೂ ಒದಗಲಿಲ್ಲ.

"ನಿಮ್ಮನ್ನ ಯಾರೂ ಕೇಳೂದಿಲ್ಲ ಅಂತ," ಅಂದ.

ಕಾಕಾ ಎದುರಿಗೆ ನಿಂತ ಟಾಂಗಾದ ಕುದುರೆಯನ್ನು ನೋಡಿದ. "ಖರೇ ಅದ," ಅಂದ. "ಅಕ್ಕಲಕೋಟಿ ವೇಣೂಬಾಯಿ ಒಬ್ಬಾಕಿ ಕೇಳಿದಳು. ಆಕಿ ನನ್ನ ಮಾರಿ ಸುದ್ದಾ ನೋಡಿರಲಿಲ್ಲ."

ಬಸ್ಸು ಬಂತು. ಕಾಕಾ ಎದ್ದು ಧೋತರ ಕೊಡವಿಕೊಂಡ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತ.

"ನಾ ಲಗ್ನಕ್ಕ ಬರೂದಿಲ್ಲ. ಕರೀಲಿಕ್ಕೂ ಬರಬ್ಯಾಡ. ನಾಕು ಮಂದಿ ಕೂತಲ್ಲಿ ಅನಂತರಾಯರು ಮತ್ತ ಕಾಗಿ ಮಾತು ತಗೀತಾರ, ಯಾವ ದಿವಸ, ಯಾವ ಹೊಲ, ಯಾರ ಕೈಲಿ ಹೇಳಿ ಕಳಿಸಿದ್ದೆ ಅಂತ ಕೇಳ್ತಾರ. ನನಗ ಒಮ್ಮಿ ಸುಳ್ಳು ಹೇಳಲಿಕ್ಕೆ ಬಂತು. ಎರಡನೇ ಸಲ ಬಾಯಿ ತಡವರಿಸಿದರ ಹುಡುಗಿ ಸಂಸಾರ ಹೋಗ್ತದ. ಜಡ್ಡಾಗಿ ಮಲಗ್ಯಾನ ಅಂತ ಹೇಳು. ಅದನ್ನಾದರೂ ಸರಿಯಾಗಿ ಹೇಳು."

ಬರಲೇಬೇಕು ಕಾಕಾ, ನೀವಿಲ್ಲದೆ ಲಗ್ನ ಹೇಗೆ, ಎಂದು ನಾಗೇಶ ಅನ್ನಬೇಕಾಗಿತ್ತು. ಸುಮ್ಮನೆ ಬಾಯಿಮಾತಿಗಾದರೂ ಅನ್ನಬೇಕಾಗಿತ್ತು. ಆದರೆ ಕಾಕಾ ಬರುವುದಿಲ್ಲ ಎಂದು ಕೇಳಿದ ಕೂಡಲೇ ಅವನ ಎದೆಯ ಮೇಲಿನ ಭಾರ ಇಳಿದಿತ್ತು. ಸದ್ಯ, ಗೋಪಿಕಾಳ ಲಗ್ನಕ್ಕೆ ಇನ್ನು ಭಯವಿಲ್ಲ ಅನಿಸಿತ್ತು. ಆ ಸಮಾಧಾನ ತನ್ನ ಮುಖದ ಮೇಲೆ ಮೂಡಿದ್ದು ಅವನಿಗೇ ತಿಳಿಯಿತು. ಕಾಕಾ ಅದನ್ನು ನೋಡಿದ, ನೋಡಿ ಒಳಗೆ ಹೋಗಿ ಕೂತ.